ಹಿಂಚಕ್ರ ಚಾಲನೆಯ ಸ್ಪೋರ್ಟ್ಸ್ ಕಾರು: ಸಸ್ಪೆನ್ಷನ್ ಸುಧಾರಣೆ

ಎಂಜಿನ್ನಿನ ಬಲ ಹಿಂದಿನ ಎರಡು ಚಕ್ರಗಳಿಗೆ ಮಾತ್ರ ಹೋಗುವ ಸ್ಪೋರ್ಟ್ಸ್ ಕಾರಿನಲ್ಲಿ ಸ್ಪ್ರಿಂಗು, ಶಾಕ್ ಅಬ್ಸಾರ್ಬರ್, ಆಂಟಿ-ರೋಲ್ ಬಾರು, ಬುಷ್ಷು, ಆರ್ಮುಗಳನ್ನು ಬದಲಿಸಿ ಅಥವಾ ಹೊಂದಿಸಿ, ತಿರುವಿನಲ್ಲೂ ಬ್ರೇಕಿನಲ್ಲೂ ಕಾರು ಚಾಲಕನ ಮಾತು ಕೇಳುವಂತೆ ಮಾಡುವ ಕೆಲಸವೇ ಸಸ್ಪೆನ್ಷನ್ ಸುಧಾರಣೆ. ರೇಸು ಮತ್ತು ರ‍್ಯಾಲಿಯಲ್ಲಿ ಇದು ದಿನನಿತ್ಯದ ಕಸುಬು. ರಸ್ತೆಯ ಕಾರಿನಲ್ಲಿ ಇದು ಹವ್ಯಾಸಿಗಳ ಖರ್ಚಿನ ಬಾಬತ್ತು. ಬಹಳ ಸಲ ಕಾರನ್ನು ತಗ್ಗಿಸಿ ಗಡುಸು ಸ್ಪ್ರಿಂಗು ಹಾಕಿಸುವಲ್ಲಿಗೆ ಮುಗಿದುಹೋಗುತ್ತದೆ. ಕರ್ನಾಟಕದ ರಸ್ತೆಗಳ ಮಟ್ಟಿಗೆ ಆ ಎರಡೂ ಕೊನೆಗೆ ಬರಬೇಕಾದ ಕೆಲಸಗಳು. ಟೈರು, ಸವೆದ ಬುಷ್ಷು, ಅಲೈನ್‌ಮೆಂಟು, ಶಾಕ್ ಅಬ್ಸಾರ್ಬರು ಇವು ಮೊದಲು ಬರಬೇಕು.

ಹಿಂಚಾಲನೆಯ ಸ್ವಭಾವ

ಮುಂಚಾಲನೆಯ ಕಾರಿನಲ್ಲಿ ಎಳೆಯುವ ಚಕ್ರವೂ ತಿರುಗುವ ಚಕ್ರವೂ ಒಂದೇ. ಹಿಂಚಾಲನೆಯಲ್ಲಿ ಮುಂದಿನ ಚಕ್ರ ದಾರಿ ಹಿಡಿಯುತ್ತದೆ, ಹಿಂದಿನದು ನೂಕುತ್ತದೆ. ಆಕ್ಸಿಲರೇಟರ್ ಒತ್ತಿದಾಗ ಭಾರ ಹಿಂದಕ್ಕೆ ಜರುಗುವುದರಿಂದ ನೂಕುವ ಚಕ್ರಗಳಿಗೆ ಹಿಡಿತ ಹೆಚ್ಚು ಸಿಗುತ್ತದೆ, ಸ್ಟೀರಿಂಗಿಗೆ ಎಂಜಿನ್ನಿನ ಜಗ್ಗಾಟ ತಟ್ಟುವುದಿಲ್ಲ. ಸ್ಪೋರ್ಟ್ಸ್ ಕಾರು ಕಟ್ಟುವವರು ಇದನ್ನು ಇಷ್ಟಪಡುವುದು ಇದಕ್ಕೇ.

ತೊಡಕೂ ಇಲ್ಲೇ ಇದೆ. ಒಂದು ಟೈರು ಕೊಡಬಲ್ಲ ಹಿಡಿತಕ್ಕೆ ಮಿತಿಯುಂಟು. ಅದರಲ್ಲಿ ನೂಕಲು ಹೆಚ್ಚು ಖರ್ಚಾದಷ್ಟೂ ಅಡ್ಡಬಲ ತಡೆಯಲು ಉಳಿಯುವುದು ಕಡಿಮೆ. ತಿರುವಿನ ನಡುವೆ ಜೋರಾಗಿ ಆಕ್ಸಿಲರೇಟರ್ ತುಳಿದರೆ ಹಿಂಭಾಗ ಹೊರಕ್ಕೆ ಜಾರುತ್ತದೆ, ಇದು ಓವರ್‌ಸ್ಟಿಯರ್. ಥಟ್ಟನೆ ಕಾಲು ತೆಗೆದರೂ ಭಾರ ಮುಂದಕ್ಕೆ ಬಂದು ಹಿಂದಿನ ಟೈರು ಹಗುರಾಗಿ ಅದೇ ಗತಿಯಾಗಬಹುದು. ಮುಂದಿನ ಟೈರು ಮೊದಲು ಸೋತರೆ ಕಾರು ಸ್ಟೀರಿಂಗ್ ತಿರುಗಿಸಿದಷ್ಟು ತಿರುಗದೆ ಅಂಚಿನ ಕಡೆ ಹೋಗುತ್ತದೆ, ಇದು ಅಂಡರ್‌ಸ್ಟಿಯರ್. ಕಾರ್ಖಾನೆಯವರು ರಸ್ತೆಯ ಕಾರುಗಳನ್ನು ತುಸು ಅಂಡರ್‌ಸ್ಟಿಯರ್ ಕಡೆಗೇ ಹೊಂದಿಸಿರುತ್ತಾರೆ. ಗಾಬರಿಯಾದ ಚಾಲಕ ಮೊದಲು ಮಾಡುವುದು ವೇಗ ಇಳಿಸುವುದನ್ನು, ಆಗ ಅಂಡರ್‌ಸ್ಟಿಯರ್ ತಾನಾಗಿ ಕಡಿಮೆಯಾಗುತ್ತದೆ. ಸುಧಾರಣೆಯ ಹೆಸರಿನಲ್ಲಿ ಈ ಗುಣವನ್ನು ಪೂರ್ತಿ ಅಳಿಸಿಹಾಕುವುದು ಜಾಣತನವಲ್ಲ.

ನಮ್ಮ ದೇಶದಲ್ಲಿ ಹಿಂಚಾಲನೆ ಒಂದು ಕಾಲಕ್ಕೆ ಸಂಸಾರಸ್ಥರ ಕಾರಿನ ಸಾಮಾನ್ಯ ಲಕ್ಷಣವಾಗಿತ್ತು. ಅಂಬಾಸಿಡರ್, ಫಿಯೆಟ್ 1100 ಮತ್ತು ಅದೇ ಹೆಸರು ಬದಲಿಸಿಕೊಂಡ ಪ್ರೀಮಿಯರ್ ಪದ್ಮಿನಿ, ಮದರಾಸಿನ ಸ್ಟ್ಯಾಂಡರ್ಡ್ ಹೆರಾಲ್ಡ್, 1984ರ ಕಾಂಟೆಸ್ಸಾ, 1985ರ ಪ್ರೀಮಿಯರ್ 118ಎನ್‌ಇ ಎಲ್ಲವೂ ಹಿಂಚಾಲನೆಯವು. 1983ರ ಡಿಸೆಂಬರಿನಲ್ಲಿ ಬಂದ ಮಾರುತಿ 800 ಈ ರೂಢಿಯನ್ನು ಮುರಿಯಿತು. ಆಮೇಲೆ ಹಿಂಚಾಲನೆಯ ಸ್ಪೋರ್ಟ್ಸ್ ಕಾರೆಂದರೆ ಪೋರ್ಷೆ 718 ಅಥವಾ 2016ರಲ್ಲಿ ಭಾರತಕ್ಕೆ ಬಂದ ಫೋರ್ಡ್ ಮಸ್ಟಾಂಗ್‌ನಂಥ ದುಬಾರಿ ಸರಕು ಎನ್ನುವಂತಾಯಿತು. ವಿದ್ಯುತ್ ಕಾರುಗಳು ಮಾತ್ರ ಈ ವಿನ್ಯಾಸವನ್ನು ಮತ್ತೆ ಪೇಟೆಗೆ ತರುತ್ತಿವೆ. ಮಹೀಂದ್ರ ಬಿಇ 6ರ ಮೋಟಾರು ಹಿಂದಿನ ಚಕ್ರಗಳನ್ನು ತಿರುಗಿಸುತ್ತದೆ.

ಭಾರದ ಲೆಕ್ಕ

ಸಸ್ಪೆನ್ಷನ್ನಿನ ಬಗ್ಗೆ ಇರುವ ತಪ್ಪು ತಿಳಿವಳಿಕೆಗಳಲ್ಲಿ ದೊಡ್ಡದು, ಸ್ಪ್ರಿಂಗು ಗಡುಸಾದರೆ ತಿರುವಿನಲ್ಲಿ ಭಾರ ಒಂದು ಬದಿಗೆ ಹೋಗುವುದು ಕಡಿಮೆಯಾಗುತ್ತದೆ ಎಂಬುದು. ಲೆಕ್ಕ ಹಾಗಿಲ್ಲ. ಹೊರಬದಿಯ ಚಕ್ರಗಳಿಗೆ ಎಷ್ಟು ಭಾರ ಸರಿಯುತ್ತದೆ ಎಂಬುದನ್ನು ನಿರ್ಧರಿಸುವುದು ಕಾರಿನ ತೂಕ, ತಿರುವಿನ ಅಡ್ಡಬಲ, ಗುರುತ್ವ ಕೇಂದ್ರದ ಎತ್ತರ ಮತ್ತು ಎಡ-ಬಲ ಚಕ್ರಗಳ ನಡುವಿನ ಅಂತರ. ತೂಕ 1,200 ಕೆ.ಜಿ., ಗುರುತ್ವ ಕೇಂದ್ರ ನೆಲದಿಂದ 50 ಸೆಂ.ಮೀ., ಚಕ್ರಗಳ ಅಂತರ 1.5 ಮೀಟರ್, ಅಡ್ಡಬಲ 0.8 ಜಿ (ಕಾರಿನ ತೂಕದ 0.8 ಪಟ್ಟು) ಎಂದುಕೊಳ್ಳಿ. ಸರಿಯುವ ಭಾರ 320 ಕೆ.ಜಿ. ಅಂದರೆ ಒಳಬದಿಯ ಎರಡು ಚಕ್ರಗಳ ಮೇಲೆ 280 ಕೆ.ಜಿ. ಉಳಿದು, ಹೊರಬದಿಯವು 920 ಕೆ.ಜಿ. ಹೊರುತ್ತವೆ. ಸ್ಪ್ರಿಂಗನ್ನು ಎರಡು ಪಟ್ಟು ಗಡುಸು ಮಾಡಿದರೂ ಈ ಅಂಕಿಗಳು ಹೆಚ್ಚು ಕಡಿಮೆ ಅಷ್ಟೇ. ಕಾರನ್ನು 25 ಮಿ.ಮೀ. ತಗ್ಗಿಸಿದರೆ 320 ಹೋಗಿ 304 ಆಗುತ್ತದೆ, ಬರೀ ಶೇಕಡಾ 5ರ ಲಾಭ.

ಸಸ್ಪೆನ್ಷನ್ ಮಾಡಬಲ್ಲ ಕೆಲಸ ಬೇರೆ. ಆ 320 ಕೆ.ಜಿ.ಯಲ್ಲಿ ಮುಂದಿನ ಜೋಡಿಯ ಪಾಲೆಷ್ಟು, ಹಿಂದಿನ ಜೋಡಿಯ ಪಾಲೆಷ್ಟು ಎಂದು ಅದು ಹಂಚುತ್ತದೆ. ಟೈರಿನ ಮೇಲೆ ಭಾರ ಎರಡರಷ್ಟಾದರೆ ಹಿಡಿತ ಎರಡರಷ್ಟಾಗುವುದಿಲ್ಲ, ಅದಕ್ಕಿಂತ ಕಡಿಮೆಯೇ ಏರುತ್ತದೆ. ಆದ್ದರಿಂದ ಯಾವ ಜೋಡಿಯ ನಡುವೆ ಭಾರ ಹೆಚ್ಚು ಏರುಪೇರಾಗುತ್ತದೋ ಆ ಜೋಡಿ ಒಟ್ಟಾರೆ ಹಿಡಿತ ಕಳೆದುಕೊಳ್ಳುತ್ತದೆ. ಮುಂದಿನ ಗಡಸುತನ ಹೆಚ್ಚಿಸಿದರೆ ಅಂಡರ್‌ಸ್ಟಿಯರ್, ಹಿಂದಿನದು ಹೆಚ್ಚಿಸಿದರೆ ಓವರ್‌ಸ್ಟಿಯರ್. ರೇಸು ಎಂಜಿನಿಯರುಗಳ ಹೊಂದಾಣಿಕೆಯಲ್ಲಿ ದೊಡ್ಡ ಪಾಲು ಈ ಒಂದು ಹಂಚಿಕೆಯ ಸುತ್ತ ತಿರುಗುತ್ತದೆ.

ಚಕ್ರಗಳ ಅಂತರ ಹೆಚ್ಚಿಸಿದರೆ ಏನಾಗುತ್ತದೆ ಎನ್ನುವುದಕ್ಕೆ ನಮ್ಮ ರ‍್ಯಾಲಿಗಳ ಹಳೆಯ ಕುದುರೆ ಮಾರುತಿ ಜಿಪ್ಸಿಯೇ ಸಾಕ್ಷಿ. 1985ರಲ್ಲಿ ಬಂದ ಮೊದಲ ಜಿಪ್ಸಿ ಕಿರಿದು, ಎತ್ತರ, ನಾಲ್ಕೂ ಚಕ್ರಕ್ಕೆ ಪಟ್ಟಿ ಸ್ಪ್ರಿಂಗು. 1993ರಲ್ಲಿ ಮುಂದಿನ ಚಕ್ರಗಳ ಅಂತರವನ್ನು 1,210 ಮಿ.ಮೀ.ನಿಂದ 1,300ಕ್ಕೆ ಹಿಗ್ಗಿಸಿದರು. ಬರೀ 90 ಮಿ.ಮೀ. ಅನ್ನಿಸುತ್ತದೆ. ಆದರೆ ಸರಿಯುವ ಭಾರದಲ್ಲಿ ಶೇಕಡಾ 7ರಷ್ಟು ಕಡಿತ, 25 ಮಿ.ಮೀ. ತಗ್ಗಿಸಿದ್ದಕ್ಕಿಂತ ಹೆಚ್ಚು, ಅದೂ ನೆಲದಿಂದ ಇರುವ ಎತ್ತರ ಕಳೆದುಕೊಳ್ಳದೆ. ಜಿಪ್ಸಿ ಸ್ಪೋರ್ಟ್ಸ್ ಕಾರಲ್ಲ ನಿಜ; ನಾಲ್ಕು ಚಕ್ರದ ಚಾಲನೆ ಜೋಡಿಸದಿದ್ದಾಗ ಅದು ಅಪ್ಪಟ ಹಿಂಚಾಲನೆಯ ಗಾಡಿ, ಮಣ್ಣಿನ ತಿರುವಿನಲ್ಲಿ ಹಿಂಭಾಗ ಎಸೆಯುವುದನ್ನು ಒಂದು ಪೀಳಿಗೆಯ ಚಾಲಕರಿಗೆ ಕಲಿಸಿದ್ದು ಅದೇ.

ಸ್ಪ್ರಿಂಗು

ಸ್ಪ್ರಿಂಗಿನ ಗಡಸುತನವನ್ನು ಒಂದು ಮಿಲಿಮೀಟರ್ ಅದುಮಲು ಬೇಕಾದ ಬಲದಲ್ಲಿ ಅಳೆಯುತ್ತಾರೆ. ಚಕ್ರಕ್ಕೆ ತಟ್ಟುವ ಗಡಸುತನ ಅದಕ್ಕಿಂತ ಕಡಿಮೆ, ಏಕೆಂದರೆ ಸ್ಪ್ರಿಂಗು ಆರ್ಮಿನ ನಡುವೆ ಎಲ್ಲೋ ಕೂತಿರುತ್ತದೆ. ಚಕ್ರ 10 ಮಿ.ಮೀ. ಏರಿದಾಗ ಸ್ಪ್ರಿಂಗು 7 ಮಿ.ಮೀ. ಅದುಮಿಕೊಂಡರೆ ಅನುಪಾತ 0.7. ಚಕ್ರದ ಗಡಸುತನಕ್ಕೆ ಈ ಅನುಪಾತವನ್ನು ಎರಡು ಸಲ ಗುಣಿಸಬೇಕು. 50 ನ್ಯೂಟನ್‌ನ ಸ್ಪ್ರಿಂಗು ಚಕ್ರದ ಬಳಿ 24.5 ಆಗಿ ಇಳಿಯುತ್ತದೆ. ಬೇರೆ ಬೇರೆ ಕಾರುಗಳ ಸ್ಪ್ರಿಂಗಿನ ಅಂಕಿಗಳನ್ನು ಪಕ್ಕಪಕ್ಕ ಇಟ್ಟು ಹೋಲಿಸುವುದು ಈ ಕಾರಣಕ್ಕೇ ವ್ಯರ್ಥ.

ಹೋಲಿಸಬೇಕಾದದ್ದು ಆವರ್ತನವನ್ನು, ಅಂದರೆ ಬಾಡಿ ಸೆಕೆಂಡಿಗೆ ಎಷ್ಟು ಸಲ ಏರಿಳಿಯುತ್ತದೆ ಎಂಬುದನ್ನು. ಮೇಲಿನ ಚಕ್ರ 250 ಕೆ.ಜಿ. ಬಾಡಿಯನ್ನು ಹೊತ್ತಿದ್ದರೆ ಆವರ್ತನ ಸುಮಾರು 1.6 ಹರ್ಟ್ಸ್. ಆರಾಮದ ಕಾರುಗಳು 1ರಿಂದ 1.5ರ ನಡುವೆ, ರಸ್ತೆಯ ಸ್ಪೋರ್ಟ್ಸ್ ಕಾರುಗಳು ಅದಕ್ಕಿಂತ ಮೇಲೆ 2ರ ಆಸುಪಾಸಿನವರೆಗೆ, ಟ್ರ್ಯಾಕಿನ ಕಾರುಗಳು ಇನ್ನೂ ಮೇಲೆ. ಸ್ಪ್ರಿಂಗನ್ನು ಎರಡು ಪಟ್ಟು ಗಡುಸು ಮಾಡಿದರೆ ಆವರ್ತನ 1.4 ಪಟ್ಟು ಏರಿ 2.2 ಆಗುತ್ತದೆ. ಹಿಂದಿನ ಆವರ್ತನ ಮುಂದಿನದಕ್ಕಿಂತ ತುಸು ಹೆಚ್ಚಿರಲಿ ಎಂದು 1930ರ ದಶಕದಲ್ಲಿ ಜನರಲ್ ಮೋಟಾರ್ಸ್‌ನ ಮಾರಿಸ್ ಓಲಿ ತೋರಿಸಿಕೊಟ್ಟರು. ಉಬ್ಬು ಮೊದಲು ತಟ್ಟುವುದು ಮುಂದಿನ ಚಕ್ರಕ್ಕೆ. ಹಿಂದಿನದು ತಡವಾಗಿ ಶುರುಮಾಡಿದರೂ ಬೇಗ ಕುಣಿದು ಮುಂದಿನದರ ಜತೆ ಕೂಡಿಕೊಳ್ಳುತ್ತದೆ, ಕಾರು ಮುಗ್ಗರಿಸುವುದಿಲ್ಲ.

ಲಾರಿಯವರ ಲೋಕದಲ್ಲಿ ಗಡಸುತನ ಹೊಂದಿಸುವ ಇದೇ ಕೆಲಸ ಪಟ್ಟಿ ಸ್ಪ್ರಿಂಗಿನ ಮೇಲೆ ನಡೆಯುತ್ತದೆ. ಹೊಸಪೇಟೆ-ಕೊಪ್ಪಳದ ಹೆದ್ದಾರಿಯಲ್ಲಿ ಅದಿರು, ಭತ್ತ ಹೊರುವ ಲಾರಿಗಳಿಗೆ ಪ್ಲೇಟು ಬಡಿಯುವ, ಸೆಂಟರ್ ಬೋಲ್ಟ್ ಬದಲಿಸುವ, ಒಂದು ಪ್ಲೇಟು ಹೆಚ್ಚಿಗೆ ಸೇರಿಸುವ ಅಂಗಡಿಗಳಿಗೆ ಕೆಲಸ ತಪ್ಪುವುದಿಲ್ಲ. ಕುಸಿದ ಪ್ಲೇಟನ್ನು ಬಿಚ್ಚಿ, ಸುತ್ತಿಗೆಯಿಂದ ಬಡಿದು ಬಾಗು ಮರಳಿಸಿ, ಹಳೆಯ ಬಾಗಿನ ಜತೆ ಇಟ್ಟು ಬೆಳಕು ತೂರುತ್ತದೆಯೇ ಎಂದು ಕಣ್ಣಳತೆಯಲ್ಲಿ ನೋಡುತ್ತಾರೆ. ಪ್ಲೇಟುಗಳು ಒಂದಕ್ಕೊಂದು ಉಜ್ಜುವುದರಿಂದಲೇ ಅಲ್ಲಿ ಅರ್ಧ ಶಾಕ್ ಅಬ್ಸಾರ್ಬರಿನ ಕೆಲಸ ಆಗಿಹೋಗುತ್ತದೆ. ಹಳೆಯ ಫಿಯೆಟ್ಟು, ಅಂಬಾಸಿಡರನ್ನು ರ‍್ಯಾಲಿಗೆ ಸಜ್ಜು ಮಾಡುವವರಿಗೆ ಈ ಅಂಗಡಿಗಳೇ ಪಾಠಶಾಲೆ. ವಾಹನಗಳ ಫೋರ್ಜಿಂಗ್ ಭಾಗಗಳಿಗೆ ಬೇಕಾದ ಮಿಶ್ರಲೋಹದ ಉಕ್ಕು ಕೊಪ್ಪಳದ ಬಗಲಿನ ಗಿಣಿಗೇರಾದಲ್ಲೇ ತಯಾರಾಗುತ್ತದೆ, ಬೇವಿನಹಳ್ಳಿಯಲ್ಲಿ ಎಂಜಿನ್ ಬ್ಲಾಕುಗಳ ಎರಕ ನಡೆಯುತ್ತದೆ. ಸ್ಪೋರ್ಟ್ಸ್ ಕಾರು ಕಾಣದ ಸೀಮೆಯಾದರೂ ಲೋಹದ ಪರಿಚಯ ಇಲ್ಲಿನವರಿಗೆ ಹೊಸತಲ್ಲ.

ಶಾಕ್ ಅಬ್ಸಾರ್ಬರ್

ಸ್ಪ್ರಿಂಗು ಉಬ್ಬಿನ ಶಕ್ತಿಯನ್ನು ಹಿಡಿದಿಟ್ಟು ಮರಳಿಸುತ್ತದೆ. ಅದನ್ನು ಎಣ್ಣೆಯ ಕಿರುದಾರಿಯಲ್ಲಿ ತೂರಿಸಿ ಶಾಖವಾಗಿ ಕಳೆಯುವುದು ಶಾಕ್ ಅಬ್ಸಾರ್ಬರಿನ ಕೆಲಸ. ಅದುಮುವಾಗಿನ ತಡೆ ಮತ್ತು ಬಿಚ್ಚಿಕೊಳ್ಳುವಾಗಿನ ತಡೆ ಎರಡನ್ನೂ ಬೇರೆ ಬೇರೆ ಹೊಂದಿಸುತ್ತಾರೆ. ರಸ್ತೆಯ ಕಾರಿನಲ್ಲಿ ಬಿಚ್ಚಿಕೊಳ್ಳುವಾಗಿನದು ಸಾಮಾನ್ಯವಾಗಿ ಹೆಚ್ಚು. ಎರಡು ಕೊಳವೆಯ ಅಗ್ಗದ ನಮೂನೆಯಲ್ಲಿ ಸತತ ಕುಲುಕಾಟಕ್ಕೆ ಎಣ್ಣೆಯೂ ಗಾಳಿಯೂ ಬೆರೆತು ನೊರೆಯೇಳುತ್ತದೆ, ತಡೆ ಬಿದ್ದುಹೋಗುತ್ತದೆ. ಫ್ರಾನ್ಸಿನ ಡಿ ಕಾರ್ಬನ್ ರೂಪಿಸಿದ, 1950ರ ದಶಕದಲ್ಲಿ ಬಿಲ್‌ಸ್ಟೈನ್ ಕಂಪನಿ ಪೇಟೆಗೆ ತಂದ ಒಂಟಿ ಕೊಳವೆಯ ನಮೂನೆಯಲ್ಲಿ ಒತ್ತಡದ ಅನಿಲವನ್ನು ತೇಲುವ ಪಿಸ್ಟನ್ನಿನಿಂದ ಬೇರೆ ಮಾಡಿರುತ್ತಾರೆ. ಶಾಖವೂ ಬೇಗ ಹೊರಹೋಗುತ್ತದೆ. ರ‍್ಯಾಲಿಯವರು ಇದಕ್ಕೆ ಹೊರಗೊಂದು ಎಣ್ಣೆಯ ಡಬ್ಬಿ ಜೋಡಿಸುತ್ತಾರೆ.

ಕೊಪ್ಪಳದ ಕಡೆಯವರಿಗೆ ಈ ಭಾಗದ ಮಹತ್ವ ವಿವರಿಸಿ ಹೇಳಬೇಕಾಗಿಲ್ಲ.  ಅಲ್ಲಿನ ಯಲಬುರ್ಗಾ-ಕುಕನೂರು ಸೀಮೆಯ ಎರೆಭೂಮಿ ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಕುಗ್ಗಿ ಬಿರಿಯುತ್ತದೆ. ಅದರ ಮೇಲೆ ಹಾಸಿದ ಡಾಂಬರು ಗುಂಡಿ ಬೀಳದಿದ್ದರೂ ಉದ್ದುದ್ದದ ಅಲೆಯಾಗಿ ಏಳುತ್ತದೆ. ಅಲೆಯ ಉದ್ದ 15 ಮೀಟರ್ ಇದ್ದು ಕಾರು ಗಂಟೆಗೆ 80 ಕಿ.ಮೀ. ಓಡಿದರೆ ಸೆಕೆಂಡಿಗೆ ಒಂದೂವರೆ ಅಲೆ ದಾಟುತ್ತದೆ, ಸರಿಯಾಗಿ ಬಾಡಿಯ ಆವರ್ತನದ ಹತ್ತಿರ. ಶಾಕ್ ಅಬ್ಸಾರ್ಬರ್ ದಣಿದಿದ್ದರೆ ಕಾರು ದೋಣಿಯಂತೆ ತೊನೆಯುತ್ತದೆ, ಪ್ರತಿ ಅಲೆಯ ನೆತ್ತಿಯಲ್ಲಿ ಹಿಂದಿನ ಟೈರು ಹಗುರಾಗುತ್ತದೆ. ಸ್ಪ್ರಿಂಗನ್ನು ಗಡುಸು ಮಾಡಿ 2.2 ಹರ್ಟ್ಸ್‌ಗೆ ಏರಿಸಿದರೆ ಅದೇ ತೊನೆತ 120 ಕಿ.ಮೀ. ವೇಗದಲ್ಲಿ ಬರುತ್ತದೆ, ಅಂದರೆ ಇನ್ನೂ ಅಪಾಯದ ಜಾಗದಲ್ಲಿ. ಇದಕ್ಕೆ ಮದ್ದು ಒಳ್ಳೆಯ ಶಾಕ್ ಅಬ್ಸಾರ್ಬರ್ ಮಾತ್ರ.

ಕರಾವಳಿಯ ಮಂಗಳೂರಿನಿಂದ ಘಟ್ಟ ಹತ್ತುವವರ ತಾಪತ್ರಯ ಬೇರೆ. ಚಾರ್ಮಾಡಿ, ಆಗುಂಬೆಯ ಹೇರ್‌ಪಿನ್ ತಿರುವುಗಳಲ್ಲಿ ವೇಗ ಕಡಿಮೆ, ಏರು ಹೆಚ್ಚು, ಮಳೆಗಾಲದಲ್ಲಿ ಪಾಚಿ. ಒಳಬದಿಯ ಹಿಂದಿನ ಚಕ್ರ ಹಗುರಾಗಿ ಗಿರಗಿರ ತಿರುಗುತ್ತದೆ; ಸಾಮಾನ್ಯ ಡಿಫರೆನ್ಷಿಯಲ್ ಎರಡೂ ಚಕ್ರಕ್ಕೆ ಸಮನಾದ ತಿರುಚುಬಲವನ್ನೇ ಕೊಡುವುದರಿಂದ ಹೊರಚಕ್ರಕ್ಕೂ ಅಷ್ಟೇ ಅಲ್ಪ ಬಲ ಸಿಗುತ್ತದೆ. ಇಲ್ಲಿ ಬೇಕಾದದ್ದು ಹಿಂದೆ ಮೆತ್ತನೆಯ ಸ್ಪ್ರಿಂಗು, ಚಕ್ರ ಕೆಳಗಿಳಿಯಲು ಸಾಕಷ್ಟು ಅವಕಾಶ, ಸಾಧ್ಯವಾದರೆ ಲಿಮಿಟೆಡ್ ಸ್ಲಿಪ್ ಡಿಫರೆನ್ಷಿಯಲ್.

ಆಂಟಿ-ರೋಲ್ ಬಾರು

ಎಡ-ಬಲ ಚಕ್ರಗಳನ್ನು ಜೋಡಿಸುವ, ತಿರುಚಿದಾಗ ಸ್ಪ್ರಿಂಗಿನಂತೆ ವರ್ತಿಸುವ ಉಕ್ಕಿನ ಸರಳು ಇದು. ಕೆನಡಾದ ಸ್ಟೀಫನ್ ಕೋಲ್ಮನ್ 1919ರಲ್ಲಿ ಪೇಟೆಂಟ್ ಪಡೆದರು. ಎರಡೂ ಚಕ್ರ ಒಟ್ಟಿಗೆ ಏರಿದರೆ ಇದು ಸುಮ್ಮನಿರುತ್ತದೆ, ಒಂದೇ ಏರಿದರೆ ಅಡ್ಡಬರುತ್ತದೆ. ಗಡಸುತನ ಸರಳಿನ ವ್ಯಾಸದ ನಾಲ್ಕನೇ ಘಾತಕ್ಕೆ ಏರುವುದರಿಂದ 20 ಮಿ.ಮೀ. ಬಾರಿನ ಬದಲು 22 ಹಾಕಿದರೆ ಗಡಸುತನ ಸುಮಾರು ಒಂದೂವರೆ ಪಟ್ಟಾಗುತ್ತದೆ. ಎರಡು ಮಿಲಿಮೀಟರ್ ಏನು ಮಹಾ ಎಂದುಕೊಳ್ಳುವಂತಿಲ್ಲ. ಮುಂದಿನ ಬಾರು ದಪ್ಪವಾದರೆ ಹಿಂದಿನ ಒಳಚಕ್ರ ನೆಲದ ಮೇಲೆ ಉಳಿದು ನೂಕುವ ಬಲ ಹೆಚ್ಚುತ್ತದೆ. ಬೆಲೆಯಾಗಿ ಅಂಡರ್‌ಸ್ಟಿಯರ್ ತೆರಬೇಕು. ಹಿಂದಿನದು ದಪ್ಪವಾದರೆ ಕಾರು ತಿರುವಿಗೆ ಚುರುಕಾಗಿ ಬೀಳುತ್ತದೆ, ಮಳೆಯಲ್ಲಿ ಚಾಲಕನ ಕೈ ನಡುಗಿಸುತ್ತದೆ. ಕೆಲವು ಅಂಗಡಿಗಳು ಹಿಂದಿನ ಬಾರೊಂದನ್ನೇ ದಪ್ಪ ಮಾಡಿಸುವುದು ಮುಂಚಾಲನೆಯ ಹ್ಯಾಚ್‌ಬ್ಯಾಕುಗಳಿಂದ ಬಂದ ಅಭ್ಯಾಸ. ಹಿಂಚಾಲನೆಗೆ ಅದನ್ನು ಹಾಗೇ ತರಬಾರದು.

ಹಿಂದಿನ ಆಕ್ಸಲ್

ಹಳೆಯ ಹಿಂಚಾಲನೆಯ ಕಾರುಗಳ ಎರಡು ಹಿಂಚಕ್ರಗಳ ನಡುವೆ ಇರುವುದು ಒಂದೇ ಗಟ್ಟಿ ಹೌಸಿಂಗ್. ಜೋರಾಗಿ ಹೊರಟಾಗ ಹೌಸಿಂಗ್ ತಿರುಚಿಕೊಂಡು ಪಟ್ಟಿ ಸ್ಪ್ರಿಂಗು ಹಾವಿನಂತೆ ಬಾಗಿ, ಬಿಟ್ಟುಕೊಂಡು, ಮತ್ತೆ ಬಾಗುತ್ತದೆ. ಹಿಂದಿನ ಚಕ್ರ ನೆಲದ ಮೇಲೆ ದಡದಡ ಕುಣಿಯುತ್ತದೆ. ಹೌಸಿಂಗಿನಿಂದ ಚಾಸಿಗೆ ಎರಡು ಗಟ್ಟಿ ರಾಡು ಹಾಕಿದರೆ ಈ ಕುಣಿತ ನಿಲ್ಲುತ್ತದೆ. ಕಾಯಿಲ್ ಸ್ಪ್ರಿಂಗಿನ ಹೌಸಿಂಗಿಗೆ ಅಡ್ಡಬಲ ತಡೆಯಲು, ಅದನ್ನು ಬಾಡಿಗೆ ಅಡ್ಡಲಾಗಿ ಕಟ್ಟುವ ಪ್ಯಾನಾರ್ಡ್ ರಾಡು ಬೇಕು. ಅದು ಚಕ್ರ ಏರಿದಂತೆ ಹೌಸಿಂಗನ್ನು ತುಸು ಪಕ್ಕಕ್ಕೆ ಎಳೆಯುತ್ತದೆ. ಜೇಮ್ಸ್ ವಾಟ್ ಆವಿ ಎಂಜಿನ್ನಿಗಾಗಿ 1784ರಲ್ಲಿ ಕಂಡುಹಿಡಿದ ಜೋಡಣೆ ಈ ದೋಷವನ್ನು ನೀಗುತ್ತದೆ. ರೋವರ್ ಎಸ್‌ಡಿ1ರಲ್ಲಿ ಆ ಜೋಡಣೆಯಿತ್ತು. ಅದೇ ಕಾರನ್ನು ಮದರಾಸಿನಲ್ಲಿ 1985ರಿಂದ ಸ್ಟ್ಯಾಂಡರ್ಡ್ 2000 ಹೆಸರಿನಲ್ಲಿ, ನೆಲದಿಂದ ಎತ್ತರಿಸಿ, ಹಳೆಯ ದುರ್ಬಲ ಎಂಜಿನ್ ಕೂರಿಸಿ ಮಾರಿದರು. ಒಳ್ಳೆಯ ಚಾಸಿಗೆ ಆದ ಅನ್ಯಾಯ ಅದು.

ಸ್ಟ್ಯಾಂಡರ್ಡ್ ಹೆರಾಲ್ಡಿನ ಕಥೆ ಇನ್ನೂ ಪಾಠದಾಯಕ. ಅದರ ಹಿಂದಿನ ಚಕ್ರಗಳು ಸ್ವತಂತ್ರವಾಗಿ, ಆದರೆ ಬಾಗಿಲಿನ ಹಾಗೆ ಡಿಫರೆನ್ಷಿಯಲ್ ಬಳಿಯ ಒಂದೇ ಕೀಲಿನ ಮೇಲೆ ಆಡುತ್ತಿದ್ದವು. ತಿರುವಿನಲ್ಲಿ ಬಾಡಿ ಮೇಲೆದ್ದರೆ ಚಕ್ರ ಒಳಕ್ಕೆ ಮಡಚಿಕೊಂಡು ಹಿಡಿತ ಒಮ್ಮೆಗೇ ತಪ್ಪುವುದು ಈ ಸ್ವಿಂಗ್ ಆಕ್ಸಲ್‌ನ ರೋಗ. ಅಮೆರಿಕದಲ್ಲಿ ಷೆವ್ರೊಲೆ ಕೊರ್ವೇರ್ ಇದೇ ಕಾರಣಕ್ಕೆ ಹೆಸರು ಕೆಡಿಸಿಕೊಂಡು 1965ರಲ್ಲಿ ರಾಲ್ಫ್ ನೇಡರ್ ಅವರ ಪುಸ್ತಕಕ್ಕೆ ವಸ್ತುವಾಯಿತು. ಭಾರತದಲ್ಲಿ 1972ರಲ್ಲಿ ಹೆರಾಲ್ಡ್ ಹೋಗಿ ಗೆಝೆಲ್ ಬಂದಾಗ ಕಂಪನಿ ಸ್ವತಂತ್ರ ಸಸ್ಪೆನ್ಷನ್ನನ್ನೇ ತೆಗೆದು ಗಟ್ಟಿ ಹೌಸಿಂಗ್ ಹಾಕಿತು. ಎಂಜಿನಿಯರಿಂಗ್ ಪಠ್ಯದ ಪ್ರಕಾರ ಅದು ಹಿಮ್ಮುಖ ನಡೆ. ಆದರೆ ನಮ್ಮ ರಸ್ತೆಗೂ ನಮ್ಮ ಗ್ಯಾರೇಜಿಗೂ ಒಪ್ಪುವ ನಡೆ.

ಅಲೈನ್‌ಮೆಂಟು: ದಾರ ಮತ್ತು ಸ್ಕೇಲು

ಅತಿ ಕಡಿಮೆ ಖರ್ಚಿನಲ್ಲಿ ಅತಿ ಹೆಚ್ಚು ಬದಲಾವಣೆ ಕಾಣುವುದು ಇಲ್ಲಿ. ಕ್ಯಾಂಬರ್ ಎಂದರೆ ಚಕ್ರದ ನೆತ್ತಿ ಒಳಕ್ಕೋ ಹೊರಕ್ಕೋ ವಾಲಿರುವ ಕೋನ. ತಿರುವಿನಲ್ಲಿ ಬಾಡಿ ವಾಲಿದಾಗ ಹೊರಚಕ್ರ ನೆಟ್ಟಗೆ ಕೂರಲೆಂದು ನೆತ್ತಿಯನ್ನು 1ರಿಂದ 2 ಡಿಗ್ರಿ ಒಳಕ್ಕೆ ವಾಲಿಸುತ್ತಾರೆ. ಅದಕ್ಕಿಂತ ಹೆಚ್ಚಾದರೆ ಹೆದ್ದಾರಿ ಓಡಾಟದಲ್ಲಿ ಟೈರಿನ ಒಳಂಚು ಸವೆಯುತ್ತದೆ. ಕ್ಯಾಸ್ಟರ್, ಅಂದರೆ ಸ್ಟೀರಿಂಗ್ ಅಕ್ಷದ ನೆತ್ತಿ ಹಿಂದಕ್ಕೆ ವಾಲಿರುವ ಕೋನ, ಹೆಚ್ಚಿದರೆ ಸ್ಟೀರಿಂಗ್ ತಾನಾಗಿ ನೇರಕ್ಕೆ ಮರಳುತ್ತದೆ, ತಿರುಗಿಸಿದಾಗ ಹೊರಚಕ್ರಕ್ಕೆ ಒಳವಾಲು ಸಿಗುತ್ತದೆ. ಟೋ ಎಂದರೆ ಒಂದೇ ಜೋಡಿಯ ಚಕ್ರಗಳು ಮುಂಗಡೆ ಕೂಡಿರುವುದು ಅಥವಾ ಅಗಲಿರುವುದು.

ಹಿಂಚಾಲನೆಗೆ ಹಿಂದಿನ ಟೋ ಜೀವಾಳ. ಹಿಂದಿನ ಚಕ್ರಗಳು ಮುಂಗಡೆ ಎರಡು-ಮೂರು ಮಿ.ಮೀ. ಕೂಡಿದ್ದರೆ ಕಾರು ಬ್ರೇಕಿನಲ್ಲೂ ನೆಟ್ಟಗಿರುತ್ತದೆ. ಅಗಲಿದ್ದರೆ ಸ್ಪ್ರಿಂಗಿಗೆ ಲಕ್ಷ ರೂಪಾಯಿ ಸುರಿದರೂ ಹಿಂಭಾಗ ಚಂಚಲ. ಇದನ್ನು ಅಳೆಯಲು ದುಬಾರಿ ಯಂತ್ರವೇ ಬೇಕೆಂದಿಲ್ಲ. ರೇಸು ಪ್ಯಾಡಕ್ಕಿನಲ್ಲಿ ಈಗಲೂ ದಾರವೇ ನಡೆಯುತ್ತದೆ. ಕಾರಿನ ಎರಡೂ ಬದಿಗೆ, ಚಕ್ರದ ನಡುಮಟ್ಟಕ್ಕೆ, ಗಾರೆಯವರು ಬಳಸುವಂಥ ದಾರವನ್ನು ಸ್ಟ್ಯಾಂಡಿನ ಮೇಲೆ ಬಿಗಿದು ಕಟ್ಟುತ್ತಾರೆ. ನಾಲ್ಕೂ ಚಕ್ರದ ಹಬ್ಬಿನಿಂದ ದಾರಕ್ಕಿರುವ ದೂರ ಅಳೆದು, ಮುಂದಿನ ಹಿಂದಿನ ಅಗಲದ ವ್ಯತ್ಯಾಸ ಲೆಕ್ಕಕ್ಕೆ ಹಿಡಿದು, ಎರಡು ದಾರಗಳನ್ನೂ ಕಾರಿನ ನಡುಗೆರೆಗೆ ಸಮಾಂತರ ಮಾಡುತ್ತಾರೆ. ಆಮೇಲೆ ಉಕ್ಕಿನ ಸ್ಕೇಲಿನಿಂದ ರಿಮ್ಮಿನ ಮುಂದಿನ ಅಂಚಿಗೂ ಹಿಂದಿನ ಅಂಚಿಗೂ ದಾರದ ದೂರ ನೋಡುತ್ತಾರೆ. ಮುಂದಿನ ಅಂಚು ದಾರದಿಂದ ಒಂದು ಮಿ.ಮೀ. ದೂರ ಹೆಚ್ಚಿದ್ದರೆ ಆ ಚಕ್ರ ಒಂದು ಮಿ.ಮೀ. ಒಳಮುಖ. ಚಾಲಕನ ತೂಕಕ್ಕೆ ಸೀಟಿನ ಮೇಲೆ ಮೂಟೆ ಇಟ್ಟು, ಕಾರನ್ನು ಎರಡಡಿ ಹಿಂದೆ ಮುಂದೆ ಉರುಳಿಸಿ, ಸಸ್ಪೆನ್ಷನ್ ಕೂರಿಸಿ ಮತ್ತೆ ಅಳೆಯುವುದು ವಾಡಿಕೆ.

ಬುಷ್ಷು ಸವೆದಿದ್ದರೆ ಈ ಅಳತೆಗೆ ಅರ್ಥವಿಲ್ಲ. ನಿಂತಾಗ ಒಂದು, ಬ್ರೇಕ್ ಹಾಕಿದಾಗ ಇನ್ನೊಂದು. ರಬ್ಬರಿನ ಬದಲು ಪಾಲಿಯುರೇಥೇನ್ ಬುಷ್ಷು ಹಾಕಿದರೆ ಕೋನ ಕದಲುವುದಿಲ್ಲ, ಸದ್ದು ಮತ್ತು ಅದುರು ಮಾತ್ರ ಒಳಗೆ ಬರುತ್ತದೆ. ಆರ್ಮು ಒಂದಕ್ಕಿಂತ ಹೆಚ್ಚು ದಿಕ್ಕಿಗೆ ತಿರುಚಬೇಕಾದ ಕಡೆ ಅದು ಹೊಂದುವುದೂ ಇಲ್ಲ.

ತಗ್ಗಿಸುವುದರ ತಕರಾರು

ಮ್ಯಾಕ್‌ಫರ್ಸನ್ ಸ್ಟ್ರಟ್ ಇರುವ ಕಾರನ್ನು ತಗ್ಗಿಸಿದರೆ ಗುರುತ್ವ ಕೇಂದ್ರಕ್ಕಿಂತ ಬೇಗ ರೋಲ್ ಸೆಂಟರ್ (ಬಾಡಿ ವಾಲುವಾಗ ತಿರುಗುವ ಕಾಲ್ಪನಿಕ ಬಿಂದು) ಕೆಳಗಿಳಿಯುತ್ತದೆ. ಬಾಡಿ ವಾಲುವುದು ಈ ಎರಡರ ನಡುವಿನ ಅಂತರದ ಬಲದಿಂದ. ಆದ್ದರಿಂದ ತಗ್ಗಿಸಿದ ಕಾರು, ಸ್ಪ್ರಿಂಗು ಮೊದಲಿನದೇ ಆಗಿದ್ದರೆ, ಹೆಚ್ಚು ವಾಲಬಲ್ಲದು. ಟೈ ರಾಡಿನ ಕೋನ ಕೆಟ್ಟು, ಗುಂಡಿ ಸಿಕ್ಕಾಗಲೆಲ್ಲ ಸ್ಟೀರಿಂಗ್ ತಾನಾಗಿ ಜಗ್ಗುತ್ತದೆ. ಚಕ್ರ ಏರಲು ಇದ್ದ ಜಾಗ ಕಡಿಮೆಯಾಗಿ, ತಿರುವಿನ ನಡುವೆ ಚಲನೆಯ ಕೊನೆಯ ತಡೆಯಾದ ಬಂಪ್ ಸ್ಟಾಪಿಗೆ ಬಡಿದರೆ ಆ ಮೂಲೆಯ ಗಡಸುತನ ಒಮ್ಮೆಗೇ ಹಲವು ಪಟ್ಟಾಗುತ್ತದೆ. ಹಿಂದಿನ ಚಕ್ರ ಹಾಗೆ ಬಡಿದರೆ ಕಾರು ತಿರುಗಿಯೇ ನಿಲ್ಲುತ್ತದೆ.

ರಸ್ತೆ ಉಬ್ಬುಗಳ ಲೆಕ್ಕವೂ ಇದೆ. ಇಂಡಿಯನ್ ರೋಡ್ಸ್ ಕಾಂಗ್ರೆಸ್ ಹೇಳುವ ಉಬ್ಬು 3.7 ಮೀಟರ್ ಅಗಲ, 10 ಸೆಂ.ಮೀ. ಎತ್ತರ, 17 ಮೀಟರ್ ತ್ರಿಜ್ಯದ ಬಾಗು. ಮುಂದಿನ ಮತ್ತು ಹಿಂದಿನ ಚಕ್ರಗಳ ನಡುವೆ 2.5 ಮೀಟರ್ ಇರುವ ಕಾರು ಅದರ ಮೇಲೆ ಹತ್ತಿದಾಗ ಹೊಟ್ಟೆಯ ಕೆಳಗೆ ಬಾಗು ಏರುವುದು ಬರೀ 46 ಮಿ.ಮೀ.; 120 ಮಿ.ಮೀ. ಎತ್ತರದ ಸ್ಪೋರ್ಟ್ಸ್ ಕಾರು ಸಲೀಸಾಗಿ ದಾಟುತ್ತದೆ. ಊರವರು ಒಂದು ರಾತ್ರಿಯಲ್ಲಿ ಕಟ್ಟುವ, ಒಂದಡಿ ಅಗಲ ಅರ್ಧ ಅಡಿ ಎತ್ತರದ ಗೋಡೆಯಂಥ ಉಬ್ಬು ಎರಡು ಚಕ್ರಗಳ ನಡುವೆ ಪೂರ್ತಿ ನಿಂತು 150 ಮಿ.ಮೀ. ಕೇಳುತ್ತದೆ. ನಮ್ಮಲ್ಲಿ ಹೆಚ್ಚಿರುವುದು ಎರಡನೆಯ ಬಗೆ.

ರ‍್ಯಾಲಿಯೂ ಕಾಲೇಜೂ

ಕರ್ನಾಟಕದಲ್ಲಿ ಈ ವಿದ್ಯೆ ಬೆಳೆದದ್ದು ಎರಡು ಕಡೆ. ಒಂದು ರ‍್ಯಾಲಿ. ಕರ್ನಾಟಕ ಮೋಟಾರ್ ಸ್ಪೋರ್ಟ್ಸ್ ಕ್ಲಬ್ಬಿನ ಕೆ-1000 ದೇಶದ ಹಳೆಯ ರ‍್ಯಾಲಿಗಳಲ್ಲೊಂದು. ಏಷ್ಯಾ-ಪೆಸಿಫಿಕ್ ಚಾಂಪಿಯನ್‌ಷಿಪ್ಪಿನ ಭಾರತದ ಸುತ್ತು ಚಿಕ್ಕಮಗಳೂರಿನ ಕಾಫಿ ತೋಟದ ಮಣ್ಣು ಹಾದಿಗಳಲ್ಲಿ ನಡೆದಿದೆ. ತೋಟದ ಹಾದಿಯಲ್ಲಿ ಗೆಲ್ಲುವ ಸಸ್ಪೆನ್ಷನ್ ತಗ್ಗಿದ್ದೂ ಅಲ್ಲ, ಗಡುಸೂ ಅಲ್ಲ. ಚಕ್ರಕ್ಕೆ ಉದ್ದನೆಯ ಚಲನೆ, ಮೆತ್ತನೆ ಸ್ಪ್ರಿಂಗು, ಬಲವಾದ ಶಾಕ್ ಅಬ್ಸಾರ್ಬರ್, ಕೆಳಗೆ ದಪ್ಪ ತಗಡಿನ ರಕ್ಷೆ.

ಇನ್ನೊಂದು ಎಂಜಿನಿಯರಿಂಗ್ ಕಾಲೇಜು. ಬೆಂಗಳೂರಿನ ಆರ್.ವಿ. ಕಾಲೇಜಿನ ಅಶ್ವ ರೇಸಿಂಗ್ ತಂಡ 2003ರಿಂದ ಒಂಟಿ ಸೀಟಿನ ರೇಸು ಕಾರು ಕಟ್ಟುತ್ತಿದೆ. ಮಣಿಪಾಲ, ಸುರತ್ಕಲ್ಲಿನ ವಿದ್ಯಾರ್ಥಿಗಳೂ ಇದೇ ಹಾದಿಯಲ್ಲಿದ್ದಾರೆ. ಈ ಕಾರುಗಳು ಬಹುತೇಕ ಹಿಂಚಾಲನೆಯವು. ಅವು ಸ್ಪರ್ಧಿಸುವ ಫಾರ್ಮುಲಾ ಸ್ಟುಡೆಂಟ್ ಎಂಬ ಕಾಲೇಜು ಸ್ಪರ್ಧೆಯ ನಿಯಮದಂತೆ ಚಾಲಕ ಕೂತಿರುವಾಗ ಚಕ್ರಕ್ಕೆ ಕನಿಷ್ಠ 50 ಮಿ.ಮೀ. ಚಲನೆ ಇರಲೇಬೇಕು, ಕಾರನ್ನು 60 ಡಿಗ್ರಿ ಓರೆ ಮಾಡಿದರೂ ಮಗುಚಬಾರದು. ಸ್ಕಿಡ್ ಪ್ಯಾಡ್ ಪರೀಕ್ಷೆಯಲ್ಲಿ 15.25 ಮೀಟರ್ ಒಳವ್ಯಾಸದ, ಮೂರು ಮೀಟರ್ ಅಗಲದ ಎಂಟಾಕಾರದ ದಾರಿ; ಒಂದು ಸುತ್ತನ್ನು 5 ಸೆಕೆಂಡಿನಲ್ಲಿ ಮುಗಿಸಿದರೆ ಸುಮಾರು 1.5 ಜಿ ಅಡ್ಡಬಲ. ಅಲ್ಲಿ ವಿದ್ಯಾರ್ಥಿಗಳು ಬಾರು ಬದಲಿಸಿ, ಟೈರಿನ ಗಾಳಿ ಇಳಿಸಿ, ಹತ್ತನೇ ಒಂದು ಸೆಕೆಂಡಿಗೆ ಒದ್ದಾಡುತ್ತಾರೆ. ಒಂದು ಸಲಕ್ಕೆ ಒಂದೇ ಬದಲಾವಣೆ, ಪ್ರತಿಯೊಂದನ್ನೂ ಬರೆದಿಡುವುದು ಎಂಬ ಶಿಸ್ತು ಅವರಲ್ಲಿದೆ. ಲಕ್ಷಗಟ್ಟಲೆ ಸುರಿಯುವ ಹವ್ಯಾಸಿಗಳು ಕಲಿಯಬೇಕಾದದ್ದು ಇದನ್ನೇ.

ಕಾನೂನು

ಮೋಟಾರು ವಾಹನ ಕಾಯ್ದೆ 1988ರ 52ನೇ ಕಲಂ ಪ್ರಕಾರ, ನೋಂದಣಿ ಪತ್ರದಲ್ಲಿರುವ ವಿವರಗಳು ತಯಾರಕರ ಮೂಲ ವಿವರಕ್ಕಿಂತ ಬೇರೆಯಾಗುವಂತೆ ವಾಹನವನ್ನು ಬದಲಿಸುವಂತಿಲ್ಲ. ಸುಪ್ರೀಂ ಕೋರ್ಟ್ 2019ರ ಜನವರಿಯ ತೀರ್ಪಿನಲ್ಲಿ ಇದನ್ನು ಎತ್ತಿಹಿಡಿದಿದೆ. ಅದೇ ವರ್ಷದ ತಿದ್ದುಪಡಿಯಲ್ಲಿ ಸೇರಿದ 182ಎ ಕಲಂ ಅನುಮತಿಯಿಲ್ಲದ ಪ್ರತಿ ಮಾರ್ಪಾಡಿಗೆ 5,000 ರೂಪಾಯಿ ದಂಡ, ಆರು ತಿಂಗಳವರೆಗೆ ಸೆರೆ ಅಥವಾ ಎರಡನ್ನೂ ವಿಧಿಸುತ್ತದೆ. ಸವೆದ ಬುಷ್ಷು, ಶಾಕ್ ಅಬ್ಸಾರ್ಬರನ್ನು ಕಂಪನಿಯ ಅಳತೆಯ ಹೊಸದರಿಂದ ಬದಲಿಸುವುದಕ್ಕೆ, ಕಂಪನಿ ಹೇಳಿದ ಮಿತಿಯೊಳಗೆ ಅಲೈನ್‌ಮೆಂಟ್ ಹೊಂದಿಸುವುದಕ್ಕೆ ಈ ತೊಡಕಿಲ್ಲ. ಅದಕ್ಕಿಂತ ಮುಂದೆ ಹೋಗುವವರು ಮೊದಲು ಆರ್‌ಟಿಒ ಕಚೇರಿಯಲ್ಲಿ ಕೇಳಿ, ವಿಮಾ ಕಂಪನಿಗೂ ಲಿಖಿತವಾಗಿ ತಿಳಿಸಬೇಕು. ಟ್ರ್ಯಾಕಿಗೆಂದೇ ಕಟ್ಟಿದ ಕಾರನ್ನು ಟ್ರ್ಯಾಕಿನವರೆಗೆ ಟ್ರೈಲರಿನ ಮೇಲೆ ಒಯ್ಯಬೇಕು.